ಮೂರನೆಯ ಮರಿ

ಅಣ್ಣನ ಹತ್ತಿರ ಏನಾದರೂ ಒಪ್ಪಿಗೆ ಪಡೆಯಬೇಕಾದರೆ ಸೂಜಿಯಕ್ಕ ಅವನ ಬಾಯಿ ತುಂಬ ಮೊಳೆ ಇರುವ ಹೊತ್ತು ನೋಡಿಕೊಂಡು ಕೇಳುತ್ತಿದ್ದಳು.

ಅಣ್ಣ ಹಳೆಯ ಸೋಫಾಗಳನ್ನು ಬಿಚ್ಚಿ ಹೊಸದು ಮಾಡುವವನು. ಬೀದಿಯವರು ಮೇಸ್ತ್ರಿ ಎಂದು ಕರೆಯುತ್ತಿದ್ದರು. ಗುಂಡಿ ಒತ್ತಿದರೆ ಪಟಪಟನೆ ಪಿನ್ನು ಹೊಡೆಯುವ ಗನ್ನು ಬಂದು ಎಷ್ಟೋ ಕಾಲವಾಗಿದ್ದರೂ ಅವನು ಸುತ್ತಿಗೆ ಬಿಟ್ಟವನಲ್ಲ. ಒಂದು ಹಿಡಿ ಸಣ್ಣ ಮೊಳೆ ಬಾಯಿಗೆ ಹಾಕಿಕೊಳ್ಳುವುದು, ನಾಲಗೆಯಿಂದ ಒಂದೊಂದನ್ನೇ ತುಟಿಗೆ ತಳ್ಳುವುದು, ತುಟಿಯಿಂದ ಎತ್ತಿ ಟಕ್ಕೆಂದು ಮರಕ್ಕೆ ಇಳಿಸುವುದು. ಆ ಹೊತ್ತಿನಲ್ಲಿ ಭೂಮಿ ಬಾಯಿಬಿಟ್ಟರೂ ಅವನು ಬಾಯಿ ಬಿಡುವಂತಿರಲಿಲ್ಲ. ಆಗಲಿ ಎನ್ನಬೇಕಾದರೆ ತಲೆ ಆಡಿಸಿದರೆ ಮುಗಿಯಿತು. ಬೇಡ ಎನ್ನಬೇಕಾದರೆ ಅಷ್ಟೂ ಮೊಳೆಯನ್ನು ಅಂಗೈಗೆ ಉಗುಳಬೇಕು. ಉಗುಳುವ ಬೇಸರಕ್ಕೆ ಅವನು ಬಹಳ ಸಲ ತಲೆಯನ್ನೇ ಆಡಿಸುತ್ತಿದ್ದ.

ಗಂಡ ತೀರಿಹೋದ ಮೇಲೆ ಅಂಗಡಿಯ ಹಿಂದಿನ ಕೋಣೆಗೆ ಬಂದು ಸೇರಿ, ಹದಿನೆಂಟು ವರ್ಷದಿಂದ ಅವನ ಜೊತೆಗೆ ಹೊಲಿಗೆಯ ಕೆಲಸ ಮಾಡುತ್ತ ಬೀದಿಗೆಲ್ಲ ಸೂಜಿಯಕ್ಕನಾಗಿದ್ದ ತಂಗಿಗೆ ಈ ಗುಟ್ಟು ಚೆನ್ನಾಗಿ ಗೊತ್ತಿತ್ತು. ಕೋಣೆಯ ಕಿಟಕಿ ದೊಡ್ಡದಾದದ್ದು ಹಾಗೆ. ಹೊಲಿಗೆ ಯಂತ್ರದ ಪಕ್ಕಕ್ಕೆ ರೇಡಿಯೊ ಬಂದದ್ದು ಹಾಗೆ. ಬೆಕ್ಕುಗಳು ಬಂದದ್ದೂ ಹಾಗೆಯೇ.

ಹಿತ್ತಿಲ ಬಾಗಿಲಲ್ಲಿ ಒಂದು ತಟ್ಟೆ ಅನ್ನ ಇಡುತ್ತೇನೆ, ಪಾಪ ಎರಡು ಬೆಕ್ಕು ಹಸಿದುಕೊಂಡು ಓಡಾಡುತ್ತವೆ ಎಂದು ಅವಳು ಒಂದು ದಿನ ಹೇಳಿದಳು. ಅಣ್ಣ ತಲೆ ಆಡಿಸಿದ. ಅವನು ಮೊಳೆ ಮುಗಿಸಿ ಹಿಂದೆ ಬಂದು ನೋಡುವಷ್ಟರಲ್ಲಿ ಎರಡಿದ್ದದ್ದು ಐದಾಗಿತ್ತು. ಮೀನಿನಂಗಡಿಯವರು ಬಿಸಾಡುವ ಚೂರುಗಳನ್ನು ಕೇಳಿ ತಂದು, ಬೇಯಿಸಿ, ಮುಳ್ಳು ಆರಿಸಿ, ಅನ್ನಕ್ಕೆ ಕಲಸಿ ಅವಳು ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಇಡುತ್ತಿದ್ದಳು.

"ಸೋಫಾಗೆ ಹೊಸ ಬಟ್ಟೆ ಹಾಕೋನು ನಾನು. ಅದನ್ನ ಪರಚಿ ಹರಿದು ಮತ್ತೆ ನನ್ನ ಹತ್ರಾನೇ ಕಳ್ಸೋರು ಇವ್ರು. ಒಳ್ಳೇ ಪಾಲುದಾರರನ್ನ ಹುಡುಕಿಕೊಟ್ಟೆ ಕಣಮ್ಮ," ಎಂದು ಅಣ್ಣ ಕುಟುಕಿದ. ಆದರೆ ತಟ್ಟೆ ತೆಗೆ ಎನ್ನಲಿಲ್ಲ. ಅವನ ಒಪ್ಪಿಗೆಗಳೆಲ್ಲ ಹೀಗೆ ಗೊಣಗಾಟದ ಸಿಪ್ಪೆಯೊಳಗೇ ಇರುತ್ತಿದ್ದವು.

ಐದರಲ್ಲಿ ನಾಲ್ಕು ಬೆಕ್ಕುಗಳು ವಾರದೊಳಗೆ ಕಾಲು ಸುತ್ತಲು ಶುರುಮಾಡಿದವು. ಐದನೆಯದು ಬೂದು ಪಟ್ಟೆಯ ಹೆಣ್ಣು. ಒಂದು ಕಿವಿಯ ತುದಿ ಎಂದೋ ಯಾವುದೋ ಜಗಳದಲ್ಲಿ ಹೋಗಿತ್ತು. ಅದು ಬರುತ್ತಿತ್ತು, ಆದರೆ ಹತ್ತಿರ ಬರುತ್ತಿರಲಿಲ್ಲ. ಗೋಡೆಯ ಮೂಲೆಯಲ್ಲಿ ಕೂತು ಉಳಿದವು ತಿಂದು ಮುಗಿಸುವುದನ್ನು ನೋಡುತ್ತಿತ್ತು. ಸೂಜಿಯಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ ಬಂದು ತಟ್ಟೆ ನೆಕ್ಕುತ್ತಿತ್ತು. ಬಟ್ಟೆ ಅಳೆದು ಅಭ್ಯಾಸವಾದ ಕಣ್ಣಲ್ಲವೇ, ಅವಳು ನೋಟದಲ್ಲೇ ಆ ದೂರವನ್ನು ಅಳೆದಳು. ಆರು ಮಾರು. ಅಂದಿನಿಂದ ಅದರ ಹೆಸರೇ ಆರುಮಾರು ಎಂದಾಯಿತು.

ಇನ್ನೊಬ್ಬರಾಗಿದ್ದರೆ ಕೈಬೀಸಿ ಕರೆಯುತ್ತಿದ್ದರು, ಬೆನ್ನು ಹತ್ತುತ್ತಿದ್ದರು. ಸೂಜಿಯಕ್ಕ ಹಿಡಿದದ್ದನ್ನು ಬಿಡುವವಳಲ್ಲ, ಆದರೆ ಅವಳ ಹಟದಲ್ಲಿ ಅವಸರ ಇರಲಿಲ್ಲ. ಬೇರೆಯಾಗಿ ಇನ್ನೊಂದು ತಟ್ಟೆ ಇಟ್ಟಳು. ದಿನವೂ ಅದೇ ಹೊತ್ತಿಗೆ ಅದೇ ಮೆಟ್ಟಿಲ ಮೇಲೆ ಕೂತು, ಮುಖ ಬೇರೆ ಕಡೆ ತಿರುಗಿಸಿಕೊಂಡು, ಏನಾದರೊಂದು ಹೊಲಿಯುತ್ತಿದ್ದಳು. ಸೂಜಿಗೆ ದಾರ ಪೋಣಿಸುವಾಗಲೆಲ್ಲ ಅವಳು ಮನಸ್ಸಿನಲ್ಲೇ ಹೇಳಿಕೊಳ್ಳುವ ಮಾತೊಂದಿತ್ತು: ದೇವರೇ, ಇವತ್ತು ನನ್ನ ಕೈಯಿಂದ ಯಾರಿಗೂ ನೋವಾಗದಿರಲಿ. ತಟ್ಟೆ ಇಡುವಾಗಲೂ ಅದನ್ನೇ ಹೇಳಿಕೊಳ್ಳತೊಡಗಿದಳು. ಎರಡು ತಿಂಗಳಿಗೆ ಒಂದು ಮಾರು ಕಡಿಮೆಯಾಯಿತು. ಮಳೆಗಾಲ ಕಳೆಯುವ ಹೊತ್ತಿಗೆ ಮೂರು ಉಳಿಯಿತು. ಎಂಟನೆಯ ತಿಂಗಳಲ್ಲಿ ಆರುಮಾರು ಅವಳ ಸೆರಗಿನ ತುದಿಯನ್ನು ಮೂಸಿ, ತಾನು ಮೂಸಲೇ ಇಲ್ಲವೆನ್ನುವಂತೆ ಆಚೆ ನಡೆಯಿತು. ಅಂದು ಸೂಜಿಯಕ್ಕ ರಾತ್ರಿ ಊಟಕ್ಕೆ ಕೂತಾಗ ಸುಮ್ಮಸುಮ್ಮನೆ ನಗುತ್ತಿದ್ದಳೆಂದು ಮಹಡಿಯಿಂದ ಇಳಿದುಬಂದ ಅತ್ತಿಗೆ ಗಂಡನಿಗೆ ಹೇಳಿದಳು.

ಆಮೇಲೆ ಬೆಕ್ಕಿನ ಹೊಟ್ಟೆ ದಪ್ಪವಾಯಿತು. ಒಂದು ವಾರ ಕಣ್ಮರೆಯಾಗಿ ಒಣಕಲಾಗಿ ಬಂತು. ಎಲ್ಲಿ ಹೆತ್ತಿತೋ ತಿಳಿಯಲಿಲ್ಲ. ಮರಿಗಳಿಗೆ ಮೂರು ವಾರ ತುಂಬುವ ಹೊತ್ತಿಗೆ, ಒಂದು ಬೆಳಗ್ಗೆ, ಸೂಜಿಯಕ್ಕ ಅಂಗಡಿಯ ಬಾಗಿಲು ತೆಗೆದಳು. ಗೋಡೆಗೆ ಒತ್ತಿ ನಿಲ್ಲಿಸಿದ್ದ ಮೂರು ಜನ ಕೂರುವ ದೊಡ್ಡ ಸೋಫಾದ ಅಡಿಯಿಂದ ಎಳೆಎಳೆಯಾದ ಸದ್ದು. ಬಗ್ಗಿ ಟಾರ್ಚು ಬಿಟ್ಟಳು. ಅಡಿಯನ್ನು ಮುಚ್ಚುವ ಕರಿಬಟ್ಟೆಯನ್ನು ಇನ್ನೂ ಹೊಡೆದಿರಲಿಲ್ಲ. ಸೆಣಬಿನ ಪಟ್ಟಿಗಳ ಸಂದಿಯಲ್ಲಿ, ಸ್ಪ್ರಿಂಗುಗಳ ಕೆಳಗೆ, ಬೂದು ಹೊಟ್ಟೆಗೆ ಮೂರು ತಲೆಗಳು ಅಂಟಿಕೊಂಡಿದ್ದವು. ಆರುಮಾರು ಅವಳನ್ನು ನೋಡಿತು. ಗುರ್ ಎನ್ನಲಿಲ್ಲ.

ಸೂಜಿಯಕ್ಕ ಟಾರ್ಚು ಆರಿಸಿ ಅಲ್ಲೇ ನೆಲದ ಮೇಲೆ ಸ್ವಲ್ಪ ಹೊತ್ತು ಕೂತುಬಿಟ್ಟಳು. ಇಷ್ಟು ದೊಡ್ಡ ಬೀದಿಯಲ್ಲಿ ಈ ತಾಯಿ ತನ್ನ ಮಕ್ಕಳನ್ನು ಇಡಲು ನನ್ನ ಮನೆಯನ್ನು ಆರಿಸಿಕೊಂಡಿತಲ್ಲ ಎಂದುಕೊಂಡಳು.

ಆ ಸೋಫಾ ಹಲ್ಲಿನ ಡಾಕ್ಟರಮ್ಮನದು. ಎರಡು ಬೀದಿ ಆಚೆ ಅವರ ಹೊಸ ಆಸ್ಪತ್ರೆ ಅಂದೇ ಸಂಜೆ ನಾಲ್ಕಕ್ಕೆ ಶುರುವಾಗುವುದಿತ್ತು. ಮೇಲಿನ ಕೆಲಸವೆಲ್ಲ ಮುಗಿದಿತ್ತು. ತೋಳುಗಳ ಹೊರಮೈಯನ್ನು ಸೂಜಿಯಕ್ಕನೇ ಡೊಂಕುಸೂಜಿಯಲ್ಲಿ, ದಾರ ಎಲ್ಲಿ ಹೊಕ್ಕಿತು ಎಲ್ಲಿ ಹೊರಟಿತು ಎಂದು ತಿಳಿಯದ ಹಾಗೆ ಹೊಲಿದಿದ್ದಳು. ಅಡಿಬಟ್ಟೆ ಹೊಡೆದರೆ ಆಯಿತು. ಮೂರು ಗಂಟೆಗೆ ಗಾಡಿಯವನು ಬರುತ್ತಾನೆ. ಅವಳು ಲೆಕ್ಕ ಹಾಕಿದಳು. ದಿಂಬಿನ ಹೊದಿಕೆಗಳನ್ನು ಗಿರಾಕಿಯ ಮನೆಗೆ ಮುಟ್ಟಿಸಿ ಎರಡಕ್ಕೆ ವಾಪಸು ಬರುತ್ತೇನೆ. ಬಂದು, ಒಂದು ಪೆಟ್ಟಿಗೆಗೆ ಹಳೆ ಬಟ್ಟೆ ಹಾಸಿ, ತಾಯಿಯ ಕಣ್ಣೆದುರಿಗೇ ಮರಿಗಳನ್ನು ಮೆಲ್ಲಗೆ ಅದಕ್ಕೆ ಸಾಗಿಸುತ್ತೇನೆ. ಇನ್ನೊಬ್ಬರ ಕೈ ಅದಕ್ಕೆ ಒಗ್ಗುವುದಿಲ್ಲ.

ಹೊರಡುವಾಗ ಅಣ್ಣ ಇನ್ನೊಂದು ಕುರ್ಚಿಯ ಮೇಲೆ ಬಗ್ಗಿ ಟಕಟಕ ಹೊಡೆಯುತ್ತಿದ್ದ. "ಅಣ್ಣ, ದೊಡ್ಡ ಸೋಫಾದ ಅಡಿಬಟ್ಟೆ ಈಗ್ಲೇ ಹೊಡೀಬೇಡ. ಒಳಗೆ ಮರಿ ಇವೆ. ನಾ ಬರೋ ತನ್ಕ ಮುಟ್ಬೇಡ," ಎಂದಳು.

ಅಣ್ಣ ತಲೆ ಆಡಿಸಿದ. ಹದಿನೆಂಟು ವರ್ಷ ಆ ತಲೆಯಾಟವನ್ನೇ ನಂಬಿ ಬಾಳಿದ ತಂಗಿ ಅದನ್ನೇ ನಂಬಿ ಮೆಟ್ಟಿಲಿಳಿದಳು.

ಗಿರಾಕಿಯ ಮನೆಯಲ್ಲಿ ಯಜಮಾನಿ ಹೊದಿಕೆಗಳನ್ನು ಒಂದೊಂದಾಗಿ ದಿಂಬಿಗೆ ಹಾಕಿ ನೋಡಿಯೇ ಬಿಡುವೆನೆಂದು ಕೂತರು. ಸೂಜಿಯಕ್ಕ ಅಂಗಡಿಗೆ ಬಂದಾಗ ಎರಡೂವರೆ ಮೀರಿತ್ತು. ಗೋಡೆಯ ಪಕ್ಕ ಸೋಫಾ ಇರಲಿಲ್ಲ. ಅದು ನಿಂತಿದ್ದ ಜಾಗದಲ್ಲಿ ನಾಲ್ಕು ಕಾಲಿನ ಗುರುತು, ಒಂದಿಷ್ಟು ನಾರಿನ ಧೂಳು. ಆ ಧೂಳಿನ ಸುತ್ತ ಆರುಮಾರು ಸುತ್ತುತ್ತಿತ್ತು. ಸುತ್ತುತ್ತ ಒಂದು ದನಿ ತೆಗೆಯುತ್ತಿತ್ತು. ಅಷ್ಟು ತಿಂಗಳಲ್ಲಿ ಅವಳು ಕೇಳಿರದ ದನಿ.

ಫೋಮಿನ ಸುರುಳಿಗಳ ಹಿಂದಿನಿಂದ ಮರಿಯ ಸದ್ದು ಬಂತು. ಹೋಗಿ ನೋಡಿದಳು: ಒಂದು, ಎರಡು. ಸುರುಳಿಗಳನ್ನೆಲ್ಲ ಸರಿಸಿದಳು. ಎರಡೇ.

ನಡೆದದ್ದು ಇಷ್ಟು. ಕುರ್ಚಿಯ ಸುತ್ತಿಗೆ ಸದ್ದಿಗೆ ಬೆದರಿದ ತಾಯಿ, ಅಣ್ಣ ಊಟಕ್ಕೆಂದು ಮಹಡಿ ಹತ್ತಿದಾಗ ಒಂದೊಂದೇ ಮರಿಯನ್ನು ಕಚ್ಚಿಕೊಂಡು ಸಾಗಿಸತೊಡಗಿತ್ತು. ಎರಡು ಮುಗಿಯುವಷ್ಟರಲ್ಲಿ ಗಾಡಿಯವನು ಒಂದು ಗಂಟೆ ಮೊದಲೇ ಬಂದು ಹಾರ್ನು ಬಾರಿಸಿದ. ಅಣ್ಣ ಕೈ ತೊಳೆದು ಓಡಿಬಂದು, ಸೋಫಾವನ್ನು ಬೆನ್ನ ಮೇಲೆ ಮಲಗಿಸಿ, ಕರಿಬಟ್ಟೆ ಹಾಸಿ, ಸುತ್ತಲೂ ಮೊಳೆ ಹೊಡೆದು ಕಳಿಸಿಬಿಟ್ಟಿದ್ದ.

"ನೀನು ಹೇಳಿದ್ದು ಯಾವಾಗ?" ಎಂದ ಅಣ್ಣ. ಅವನು ನಿಜಕ್ಕೂ ಕೇಳಿಸಿಕೊಂಡಿರಲಿಲ್ಲ. ಅದು ಅವನ ಮುಖದಲ್ಲೇ ಕಾಣುತ್ತಿತ್ತು. ಆಮೇಲೆ ಅವನಿಗೆ ಧೈರ್ಯ ಬಂತು. ಒಳಗೆ ಏನಾದರೂ ಇದ್ದಿದ್ದರೆ ಅಷ್ಟು ಸುತ್ತಿಗೆ ಏಟಿಗೆ ಕೂಗದೆ ಇರುತ್ತಿತ್ತೇ, ಮೂರನೆಯದನ್ನು ತಾಯಿ ಬೇರೆಲ್ಲೋ ಇಟ್ಟಿರಬೇಕು, ಬೆಕ್ಕಿಗೇನು ಎಣಿಸಲು ಬರುತ್ತದೆಯೇ ಎಂದ.

"ಬರುತ್ತೆ," ಎಂದಳು ಸೂಜಿಯಕ್ಕ. "ನೋಡು ಅದನ್ನ."

ಅಣ್ಣ ನೋಡಲಿಲ್ಲ. ಮೊಳೆಯ ಡಬ್ಬಿಯನ್ನು ಎತ್ತಿ ಇನ್ನೊಂದು ಕಡೆ ಇಟ್ಟ. ಮೂವತ್ತು ವರ್ಷದಲ್ಲಿ ತಾನು ಅಡಿಬಟ್ಟೆ ಹೊಡೆದು ಕಳಿಸಿದ ಒಂದು ಸಾಮಾನನ್ನೂ ಮತ್ತೆ ಬಿಚ್ಚಿದ್ದಿಲ್ಲ. ಮೊದಲ ದಿನ, ರೋಗಿಗಳ ಎದುರಿಗೆ, ನಮ್ಮ ಕೆಲಸ ನಾವೇ ಹರಿಯುವುದೆಂದರೆ ಬೀದಿಯಲ್ಲಿ ತಲೆ ಎತ್ತಿ ನಡೆಯುವುದು ಹೇಗೆ ಎಂದು ಅವನ ವಾದ. ಬೇಕಿದ್ದರೆ ನಾಳೆ ಕೇಳೋಣ ಎಂದ.

ಅವಳು ಜಗಳ ಆಡಲಿಲ್ಲ. ಬಾಯಿ ತುಂಬ ಮೊಳೆ ಇಟ್ಟುಕೊಂಡವನ ಹತ್ತಿರ ಕೇಳಿದವಳು ತಾನೇ; ಎಷ್ಟೋ ವರ್ಷ ತನಗೆ ಅನುಕೂಲವಾಗಿದ್ದ ಜಾಣತನ ಇವತ್ತು ಒಂದು ಕೂಸಿನ ಮೇಲೆ ಮುಚ್ಚಳವಾಗಿ ಕೂತಿದೆ. ಚೀಲಕ್ಕೆ ಮೊಳೆ ಕೀಳುವ ಇಕ್ಕಳ, ಬ್ಲೇಡು, ಡೊಂಕುಸೂಜಿ, ದಾರದುಂಡೆ ತುಂಬಿದಳು. ಚಪ್ಪಲಿ ಮೆಟ್ಟಿದಳು. "ನಾನು ಹೋಗ್ತಿದೀನಿ ಅಣ್ಣ," ಎಂದಷ್ಟೇ ಹೇಳಿ ಇಳಿದಳು. ಅವಳ ಹಿಂದೆ ಆರುಮಾರಿನ ದನಿ ಬೀದಿಯ ತಿರುವಿನವರೆಗೂ ಬಂತು.

ಆಸ್ಪತ್ರೆಯಲ್ಲಿ ಹೊಸ ಬಣ್ಣದ ವಾಸನೆ, ಅದರ ಮೇಲೆ ಔಷಧಿಯ ವಾಸನೆ. ನಾಲ್ಕಕ್ಕೆ ಇನ್ನೂ ಹೊತ್ತಿದ್ದರೂ ಹಲ್ಲುನೋವಿಗೆ ಗಡಿಯಾರ ನೋಡುವ ತಾಳ್ಮೆ ಇರುವುದಿಲ್ಲವಲ್ಲ. ಐದಾರು ಜನ ಆಗಲೇ ಬಂದಿದ್ದರು. ಒಳಗಿನ ಕೋಣೆಯಲ್ಲಿ ಯಂತ್ರ ಸುಯ್ಯೆನ್ನುತ್ತಿತ್ತು. ಸೋಫಾದ ಮೇಲೆ ಮೂವರು ಕೂತಿದ್ದರು. ಬಲತುದಿಯಲ್ಲಿ ಕೂತವರ ಕೆನ್ನೆ ಬನ್ನಿನಂತೆ ಊದಿತ್ತು. ಅವರು ಮೊಣಕೈಯನ್ನು ಸೋಫಾದ ತೋಳಿಗೆ ಊರಿ, ಕೆನ್ನೆಯನ್ನು ಅಂಗೈಗೆ ಕೊಟ್ಟು, ಕಣ್ಣು ಮುಚ್ಚಿದ್ದರು. ಆ ಮೊಣಕೈ ತನ್ನ ಎದೆಯ ಮೇಲೇ ಊರಿದಂತಾಯಿತು ಸೂಜಿಯಕ್ಕನಿಗೆ.

ಎಲ್ಲರೂ ದಯವಿಟ್ಟು ಎದ್ದು ಆಚೆ ಕುರ್ಚಿಗಳಲ್ಲಿ ಕೂರಬೇಕು, ಸೋಫಾದ ಒಳಗೆ ಬೆಕ್ಕಿನ ಮರಿಯೊಂದು ಸಿಕ್ಕಿಕೊಂಡಿದೆ ಎಂದು ಅವಳು ಕೈಮುಗಿದು ಹೇಳಿದಳು. ಇಬ್ಬರು ಥಟ್ಟನೆ ಎದ್ದರು. ಕೆನ್ನೆ ಊದಿದವರು ಒಂದು ಕಣ್ಣು ತೆರೆದು, ಅರ್ಧ ಬಾಯಲ್ಲಿ, "ನಂಗೆ ಹಲ್ಲು ನೋವು, ನಿಮಗೆ ಬೆಕ್ಕು ನೋವು. ಯಾರದ್ದು ಮೊದ್ಲಮ್ಮ?" ಎಂದರು. ಆದರೂ ಒಳ್ಳೆಯ ಮನುಷ್ಯ. ಎದ್ದು, ಸೋಫಾಕ್ಕೆ ಕಿವಿಯಿಟ್ಟು ಆಲಿಸಿ, ನನ್ನ ಕಿವಿಯಲ್ಲಿ ಹಲ್ಲೇ ಗುಂಯ್ ಎನ್ನುತ್ತಿದೆ, ಬೇರೇನೂ ಕೇಳುವುದಿಲ್ಲ ಎಂದು ತಲೆಯಲ್ಲಾಡಿಸಿದರು. ಸೂಜಿಯಕ್ಕನೂ ಕಿವಿಯಿಟ್ಟಳು. ಸದ್ದಿಲ್ಲ.

ಗದ್ದಲ ಕೇಳಿ ಡಾಕ್ಟರಮ್ಮ ಹೊರಗೆ ಬಂದರು. ಮಾಸ್ಕು ಗಲ್ಲಕ್ಕೆ ಇಳಿದಿತ್ತು, ಕೈಗೆ ಗ್ಲೌಸು. ವಯಸ್ಸು ಸಣ್ಣದು, ದನಿ ಗಟ್ಟಿ. ವಿಷಯ ಕೇಳಿ ಹುಬ್ಬು ಗಂಟಿಕ್ಕಿದರು. ಇವತ್ತು ಮೊದಲ ದಿನ, ಬಂದವರು ಬಾಗಿಲಲ್ಲೇ ಹರಿದ ಸೋಫಾ ನೋಡಬೇಕೇ, ಏಳು ಗಂಟೆಗೆ ಮುಗಿಯುತ್ತದೆ, ಆಮೇಲೆ ಬಂದು ಏನು ಬೇಕಾದರೂ ಬಿಚ್ಚಿ ನೋಡಿ ಎಂದರು.

"ಮೂರು ವಾರದ ಮರಿ ಡಾಕ್ಟರಮ್ಮ. ಏಳು ಗಂಟೆಗೆ ಕೈ ಹಾಕಿದ್ರೆ ಒಳಗಿಂದ ಏನು ತೆಗೀತೀನೋ ನಂಗೆ ಗೊತ್ತಿಲ್ಲ."

"ಒಳಗೆ ಇದೆ ಅಂತ ಖಾತ್ರಿ ಇದೆಯಾ ನಿಮಗೆ?"

ಸುಳ್ಳು ಹೇಳಬಹುದಿತ್ತು. ಅವಳ ಬಾಯಿಗೆ ಅದು ಬರಲಿಲ್ಲ. "ನಂಗೆ ಖಾತ್ರಿ ಇಲ್ಲ. ಅದರ ತಾಯಿಗೆ ಇದೆ. ಒಳಗೆ ಏನೂ ಇಲ್ದೇ ಹೋದ್ರೂ ಮೊದ್ಲಿದ್ದ ಹಾಗೇ ಹೊಲ್ದು ಕೊಡ್ತೀನಿ. ಇಲ್ಲ ಅಂತ ಕಣ್ಣಾರೆ ನೋಡ್ದೆ ಮಾತ್ರ ನಾನು ಮನೆಗೆ ಹೋಗಲ್ಲ." ಹೀಗೆಂದು ಅವಳು ಸೋಫಾದ ಪಕ್ಕ ನೆಲದ ಮೇಲೆ ಕೂತಳು. ದನಿ ಏರಿಸಲಿಲ್ಲ, ಅಳಲಿಲ್ಲ. ಬೆಟ್ಟವೊಂದು ಬಂದು ಕೂತ ಹಾಗೆ ಕೂತಳು.

ಡಾಕ್ಟರಮ್ಮ ಅವಳನ್ನೂ ಸೋಫಾವನ್ನೂ ನೋಡಿದರು. ಒಳಗೆ ಕುರ್ಚಿಯಲ್ಲಿ ಯಾರೋ ಬಾಯಿ ತೆರೆದುಕೊಂಡು ಕಾಯುತ್ತಿದ್ದರು. "ಹತ್ತು ನಿಮಿಷ," ಎಂದು ಒಳಗೆ ನಡೆದರು.

ಕೆನ್ನೆ ಊದಿದವರು ಒಂದು ಕಡೆ ಹಿಡಿದರು, ಇನ್ನಿಬ್ಬರು ಇನ್ನೊಂದು ಕಡೆ. ಸೋಫಾ ಬೆನ್ನ ಮೇಲೆ ಮಲಗಿತು. ಸೂಜಿಯಕ್ಕ ಇಕ್ಕಳ ಹಾಕಿ ಮೊಳೆ ಕೀಳತೊಡಗಿದಳು. ಅಣ್ಣನ ಮೊಳೆ, ಒಂದೊಂದೂ ಬೇರು ಬಿಟ್ಟ ಹಾಗೆ ಕೂತಿತ್ತು. ಅವನ ಕೆಲಸದ ಗಟ್ಟಿತನದ ಬಗ್ಗೆ ಇದುವರೆಗೂ ಹೆಮ್ಮೆಪಟ್ಟಿದ್ದ ತಂಗಿ ಅಂದು ಮೊದಲ ಸಲ ಅದನ್ನು ಶಪಿಸಿದಳು. ಕರಿಬಟ್ಟೆ ಒಂದು ಮೂಲೆಯಿಂದ ಬಿಚ್ಚಿಕೊಂಡಿತು. ಟಾರ್ಚು ಬಿಟ್ಟಳು. ಸ್ಪ್ರಿಂಗು, ಪಟ್ಟಿ, ನಾರು. ಮೊಣಕೈವರೆಗೆ ಕೈ ಇಳಿಸಿ ತಡಕಿದಳು. ಒಂದೆರಡು ಕೂದಲು ಬೆರಳಿಗೆ ಅಂಟಿತು, ಮರಿ ಇರಲಿಲ್ಲ.

ಹಾಗಾದರೆ ಉಳಿದದ್ದು ತೋಳಿನ ಟೊಳ್ಳು. ಗಾಡಿಯಲ್ಲಿ ಹೊರಳಿಸುವಾಗ ಅದರೊಳಕ್ಕೆ ಜಾರಿರಬೇಕು. ಆದರೆ ಎಡವೋ ಬಲವೋ? ತೋಳು ಬಿಚ್ಚುವುದೆಂದರೆ ಹೊರಗಿನ ಒಳ್ಳೆಯ ಬಟ್ಟೆಯನ್ನೇ ಬಿಚ್ಚಬೇಕು. ತನ್ನದೇ ಕಾಣದ ಹೊಲಿಗೆಯನ್ನು ಕತ್ತರಿಸಬೇಕು. ಗಾಡಿಯವನು ಯಾವಾಗಲೂ ಎಡಬದಿ ಕೆಳಗೆ ಮಾಡಿಯೇ ಹೇರುತ್ತಾನೆ ಎಂದು ನೆನಪಾಗಿ, ದೇವರೇ ಎಂದು ಎಡತೋಳಿಗೆ ಬ್ಲೇಡು ಹಾಕಿದಳು. ಎರಡು ದಿನ ಕೂತು ಹಾಕಿದ ಹೊಲಿಗೆ ಎರಡು ನಿಮಿಷದಲ್ಲಿ ಬಾಯಿ ತೆರೆಯಿತು. ಒಳಗೆ ಒಣ ಮರ, ಒಂದು ತುಂಡು ಗೋಣಿ. ಬೇರೇನೂ ಇಲ್ಲ.

ಕುರ್ಚಿಗಳಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಡಾಕ್ಟರಮ್ಮ ಹೊರಬಂದು, ಜೋತುಬಿದ್ದ ಬಟ್ಟೆ ನೋಡಿ, ಇನ್ನು ಸಾಕು ಎಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ಮರುಕವೇ ಹೆಚ್ಚಿತ್ತು, ಅದೇ ಸೂಜಿಯಕ್ಕನಿಗೆ ಸಹಿಸಲಾಗಲಿಲ್ಲ. ಅವಳು ಬ್ಲೇಡು ಹಿಡಿದು ಬಲತೋಳಿನ ಕಡೆ ಸರಿದಳು. ಅದನ್ನೂ ಬಿಡುವುದಿಲ್ಲವೇ ಎಂದು ಡಾಕ್ಟರಮ್ಮ ಅಡ್ಡ ಬರಬೇಕು, ಅಷ್ಟರಲ್ಲಿ ಬಾಗಿಲಲ್ಲಿ ಅಣ್ಣ ನಿಂತಿದ್ದ.

ಓಡಿಬಂದಿದ್ದ. ಅಂಗಿ ಬೆನ್ನಿಗೆ ಅಂಟಿತ್ತು. ಯಾರನ್ನೂ ನೋಡದೆ ಡಾಕ್ಟರಮ್ಮನ ಎದುರು ಬಂದು ನಿಂತ.

"ಬಲತೋಳಿನ ಬುಡದಲ್ಲಿ ಒಂದು ಪಟ್ಟಿ ಸಡಿಲ ಇತ್ತು ಅಮ್ಮ. ಅಲ್ಲಿಂದ್ಲೇ ತೋಳಿನೊಳಕ್ಕೆ ದಾರಿ. ಎಳೆದು ಬಿಗೀಬೇಕಿತ್ತು. ಗಾಡಿ ಬಂತು ಅಂತ ಬಿಗೀದೇನೇ ಮೇಲೆ ಬಟ್ಟೆ ಹೊಡ್ದೆ. ಬಿಗಿಯೋಕೆ ಕೈ ಹಾಕಿದ್ರೆ ಅದು ಆಗ್ಲೇ ಕೈಗೆ ಸಿಗ್ತಿತ್ತು."

"ಅಂದ್ರೆ ಕೆಲಸ ಪೂರ್ತಿ ಆಗಿರ್ಲಿಲ್ವಾ?"

"ಆಗಿರ್ಲಿಲ್ಲ. ಆಗಿದೆ ಅಂತ ಹೇಳಿ ಕಳ್ಸಿದೆ."

ಮೂವತ್ತು ವರ್ಷದ ಹೆಸರನ್ನು ಅವನು ಆರು ಜನ ಅಪರಿಚಿತರ ಎದುರು ಹೀಗೆ ನೆಲಕ್ಕಿಟ್ಟ. ಅಂಗಡಿಯಲ್ಲಿ ಬೆಕ್ಕು ಸುತ್ತುವುದನ್ನು ಎಷ್ಟು ಹೊತ್ತು ನೋಡುತ್ತ ಕೂತಿದ್ದನೋ, ಅವನು ಎಂದೂ ಹೇಳಲಿಲ್ಲ, ತಂಗಿಯೂ ಕೇಳಲಿಲ್ಲ. ಡಾಕ್ಟರಮ್ಮ ಪಕ್ಕಕ್ಕೆ ಸರಿದರು.

ಅಣ್ಣ ಬಟ್ಟೆ ಹರಿಯದಂತೆ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದ. ತಂಗಿ ಹೊಲಿಗೆ ಕತ್ತರಿಸಿದಳು. ಅಂಗೈ ಹೋಗುವಷ್ಟು ಬಾಯಿ ಆಯಿತು. ಮುಷ್ಟಿ ಒಳಗೆ ಹೋಯಿತು, ಮಣಿಕಟ್ಟು ಹೋಯಿತು, ಮೊಣಕೈ ಹೋಯಿತು. ಅತಿ ಕೆಳಗಿನ ಮೂಲೆಯಲ್ಲಿ, ಮರದ ಎರಡು ತುಂಡು ಕೂಡುವ ಕಡೆ, ಬೆರಳ ತುದಿಗೆ ಒದ್ದೆ ಹತ್ತಿಯಂಥದ್ದು ತಗುಲಿತು. ಹತ್ತಿಗೆ ಮೂಳೆ ಇರುವುದಿಲ್ಲ. ಅವಳು ಉಸಿರು ಬಿಗಿಹಿಡಿದು ಅದನ್ನು ಬೆರಳುಗಳ ಬುಟ್ಟಿಯಲ್ಲಿ ಮೇಲಕ್ಕೆ ತಂದಳು.

ಬೂದು ಬಣ್ಣ, ಅದರ ಮೇಲೆ ಧೂಳಿನ ಬೂದು. ತಲೆ ಜೋತಾಡುತ್ತಿತ್ತು. ಬಾಯಿಯ ಸುತ್ತ ನಾರಿನ ಎಳೆಗಳು ಮೆತ್ತಿದ್ದವು.

"ಇಲ್ಲಿ ಕೊಡಿ," ಎಂದರು ಡಾಕ್ಟರಮ್ಮ. ಗ್ಲೌಸು ಕಿತ್ತೆಸೆದು, ಎರಡು ಬೆರಳು ಎದೆಗೂಡಿಗೆ ಇಟ್ಟು ಕಾದರು. ಆಮೇಲೆ ಬೇಗಬೇಗ ಒದ್ದೆ ಹತ್ತಿಬಟ್ಟೆಯಿಂದ ಅದರ ಬಾಯೊಳಗಿನ ನಾರನ್ನು ತೆಗೆದರು. ಬಾಯಿ ತೊಳೆಯುವ ಸಣ್ಣ ಪಿಚಕಾರಿಯಿಂದ ಎರಡೇ ಹನಿ ನೀರು ನಾಲಗೆಗೆ ಬಿಟ್ಟರು. ಅಷ್ಟು ಸಣ್ಣ ಬಾಯಿಯಲ್ಲಿ ಅವರು ಎಂದೂ ಕೆಲಸ ಮಾಡಿರಲಿಕ್ಕಿಲ್ಲ. ಮರಿ ಸೀನಿತು. ಇನ್ನೊಮ್ಮೆ ಸೀನಿ, ತನ್ನ ಮೈಗೆ ಮೀರಿದ ದನಿಯಲ್ಲಿ ಕೂಗಿತು. ಕೆನ್ನೆ ಊದಿದವರು ನಕ್ಕು, ನಕ್ಕದ್ದಕ್ಕೆ ದವಡೆ ಹಿಡಿದುಕೊಂಡು ನರಳಿದರು.

ಅಣ್ಣನನ್ನು ಸೋಫಾದ ಹತ್ತಿರ ಬಿಟ್ಟು ಸೂಜಿಯಕ್ಕ ಮರಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಅಂಗಡಿಗೆ ಬಂದಳು. ಆರುಮಾರು ಆಗ ಸುತ್ತುತ್ತಿರಲಿಲ್ಲ. ಎರಡು ಮರಿಗಳ ಎದುರು ಅಡ್ಡಲಾಗಿ ನಿಂತಿತ್ತು. ಅವಳು ಮರಿಯನ್ನು ನೆಲಕ್ಕಿಟ್ಟಳು. ತಾಯಿ ಬಂದು ಮೂಸಿ, ಹಿಸ್ಸೆಂದು ಹಲ್ಲು ಕಿರಿದು ಹಿಂದೆ ಸರಿಯಿತು. ಮರಿಯ ಮೈಯೆಲ್ಲ ಆಸ್ಪತ್ರೆಯ ಔಷಧಿಯ ವಾಸನೆ.

ಹುಡುಕಿ ತಂದದ್ದು ಇದಕ್ಕಾಗಿಯೇ ಎಂದುಕೊಂಡಳು. ಆದರೂ ಕೈಬಿಡಲಿಲ್ಲ. ಉಳಿದೆರಡು ಮರಿಗಳು ಮಲಗಿದ್ದ ಹಳೆಯ ಬಟ್ಟೆಯ ಚೂರನ್ನು ಮೆಲ್ಲಗೆ ಎಳೆದುಕೊಂಡಳು. ಅದರಿಂದ ಮೂರನೆಯದರ ಮೈಯನ್ನು ತಲೆಯಿಂದ ಬಾಲದವರೆಗೆ, ಮತ್ತೆ ಬಾಲದಿಂದ ತಲೆಯವರೆಗೆ, ದೇವರ ದೀಪ ಒರೆಸುವಷ್ಟು ಸಾವಧಾನದಿಂದ ಉಜ್ಜಿದಳು. ಬಟ್ಟೆ ಸಮೇತ ಅದನ್ನು ಫೋಮಿನ ಹಿಂದೆ ಇಟ್ಟು, ಹೊರಗೆ ಬಂದು, ಬಾಗಿಲು ಮುಂದಕ್ಕೆಳೆದಳು. ಇಣುಕಬೇಕೆಂಬ ಆಸೆಯನ್ನು ನುಂಗಿಕೊಂಡಳು. ಇನ್ನು ಅದು ತಾಯಿಗೂ ಮೇಲಿನವನಿಗೂ ಬಿಟ್ಟ ಮಾತು. ತಾನು ಮಾತು ಕೊಟ್ಟ ಕೆಲಸ ಬೇರೆಯೇ ಇತ್ತು.

ಆಸ್ಪತ್ರೆಯಲ್ಲಿ ಅಣ್ಣ ಪಟ್ಟಿಯನ್ನು ಎಳೆದು ಬಿಗಿದಿದ್ದ. ಇಬ್ಬರೂ ಎರಡು ತೋಳುಗಳಿಗೆ ಕೂತರು. ಬಂದವರೆಲ್ಲ ಸುತ್ತ ನಿಂತು ನೋಡುತ್ತಿದ್ದರಿಂದ ಯಾರಿಗೂ ಹೊತ್ತು ಹೋದದ್ದೇ ತಿಳಿಯಲಿಲ್ಲ. ಡಾಕ್ಟರಮ್ಮ ಮೊದಲ ದಿನ ಹೀಗಾಯಿತಲ್ಲ ಎಂದೂ ಅನ್ನಲಿಲ್ಲ. ಎರಡು ಸಲ ಹೊರಬಂದು ಮರಿ ಹೇಗಿದೆ ಎಂದು ಕೇಳಿದರು. ಗೊತ್ತಿಲ್ಲ ಎಂದಳು ಸೂಜಿಯಕ್ಕ.

ಸಂಜೆ ಇಬ್ಬರೂ ಅಂಗಡಿಗೆ ಬಂದಾಗ ಫೋಮಿನ ಹಿಂದೆ ಬಟ್ಟೆಯ ಚೂರೊಂದೇ ಬಿದ್ದಿತ್ತು. ತಾಯಿ ಇಲ್ಲ, ಮರಿಗಳಿಲ್ಲ. ಮೂರನ್ನೂ ಕೊಂಡೊಯ್ದಿತೋ, ಎರಡನ್ನು ಕೊಂಡೊಯ್ದು ಒಂದನ್ನು ಎಲ್ಲೋ ಬಿಟ್ಟಿತೋ ಹೇಳುವವರಾರು? ಅಣ್ಣ ಅಂಗಡಿಯ ಮೂಲೆಮೂಲೆಯಲ್ಲಿ ಮೊಣಕಾಲೂರಿ ಹುಡುಕಿದ. ಮರುದಿನ ಎರಡು ಹೊತ್ತೂ ತಟ್ಟೆ ತುಂಬಿಯೇ ಉಳಿಯಿತು. ಉಳಿದ ನಾಲ್ಕು ಬೆಕ್ಕುಗಳು ಅದನ್ನು ಹಂಚಿಕೊಂಡವು.

"ಬಿಡು, ಎಲ್ಲೋ ಚೆನ್ನಾಗಿರುತ್ತೆ," ಎಂದ ಅಣ್ಣ, ಮೂರನೆಯ ದಿನ.

"ಇರಬಹುದು. ನೋಡ್ಕೊಂಡು ಬರ್ತೀನಿ," ಎಂದಳು.

ಅಂದಿನಿಂದ ಅವಳು ಕೆಲಸ ಮುಗಿದ ಮೇಲೆ ದಿನಕ್ಕೊಂದು ಬೀದಿ ಹಿಡಿದಳು. ಒಂದು ಡಬ್ಬಿಯಲ್ಲಿ ಕಲಸಿದ ಅನ್ನ. ಹಿತ್ತಿಲುಗಳಲ್ಲಿ, ನಿಂತ ಗಾಡಿಗಳ ಅಡಿಯಲ್ಲಿ, ಶಾಲೆಯ ಗೋಡೆಯ ಹಿಂದೆ, ಬೇಕರಿಯ ಸೌದೆ ರಾಶಿಯಲ್ಲಿ ಬಗ್ಗಿ ನೋಡಿದಳು. ಏನು ಕಳೆದುಕೊಂಡಿರಿ ಅಕ್ಕ ಎಂದು ಕೇಳಿದವರಿಗೆಲ್ಲ ಕಿವಿ ಹರಿದ ಬೂದು ಬೆಕ್ಕು, ಜೊತೆಗೆ ಮೂರು ಮರಿ ಎಂದು ಹೇಳಿದಳು. ಎರಡು ಎಂದು ಒಮ್ಮೆಯೂ ಹೇಳಲಿಲ್ಲ. ಕೆಲವರು ನಕ್ಕರು. ಬೇಕರಿಯಾಕೆ ಮಾತ್ರ ತನ್ನ ಅಂಗಳದಲ್ಲೂ ಒಂದು ಬಟ್ಟಲು ನೀರಿಟ್ಟಳು.

ಒಂಬತ್ತನೆಯ ದಿನ ಮರದ ಡಿಪೋದ ಕಾವಲುಗಾರ, ಹಿಂದಿನ ಶೆಡ್ಡಿನಲ್ಲಿ ಏನೋ ಇದೆ ನೋಡಿ, ಹತ್ತಿರ ಹೋದರೆ ಹುಲಿಯ ಹಾಗೆ ಮೇಲೆ ಬೀಳುತ್ತದೆ ಎಂದ. ಹುಲಿ ಎಂದದ್ದು ಕೇಳಿ ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಶೆಡ್ಡಿನಲ್ಲಿ ಹಲಗೆಗಳನ್ನು ಸೂರಿನವರೆಗೆ ಪೇರಿಸಿದ್ದರು. ಸಂಜೆಯ ಬಿಸಿಲು ಸಂದಿಗಳಿಂದ ಇಳಿದು ಗರಗಸದ ಹೊಟ್ಟಿನ ಮೇಲೆ ಬಿದ್ದಿತ್ತು. ಅವಳು ಬಾಗಿಲಲ್ಲೇ ಕೂತಳು. ಡಬ್ಬಿ ತೆರೆದು, ತಟ್ಟೆಗೆ ಹಾಕಿ, ತೋಳು ಚಾಚುವಷ್ಟು ಮುಂದಕ್ಕೆ ತಳ್ಳಿ, ಮುಖ ತಿರುಗಿಸಿಕೊಂಡಳು.

ಬಹಳ ಹೊತ್ತಿನ ಮೇಲೆ ಹಲಗೆಗಳ ಹಿಂದಿನಿಂದ ಆರುಮಾರು ಹೊರಬಂತು. ಅವಳನ್ನು ಕಂಡಿತು. ಬೆನ್ನು ಬಿಲ್ಲಾಯಿತು. ಅದರ ಹಿಂದೆ ಹೊಟ್ಟಿನಲ್ಲಿ ಎಡವುತ್ತ ಒಂದು ಮರಿ ಬಂತು. ಅದರ ಹಿಂದೆ ಇನ್ನೊಂದು. ಸೂಜಿಯಕ್ಕ ಓರೆಗಣ್ಣಲ್ಲಿ ಕಾದಳು. ಹಲಗೆಯ ತುದಿಯಲ್ಲಿ ಮೂರನೆಯ ತಲೆ ಇಣುಕಿತು. ಅದು ಉಳಿದೆರಡನ್ನೂ ದಾಟಿ, ತಾಯಿಯನ್ನೂ ದಾಟಿ, ನೇರ ಅವಳ ಕಡೆಗೇ ನಾಲ್ಕು ಹೆಜ್ಜೆ ನಡೆಯಿತು. ತಾಯಿ ಗಂಟಲಲ್ಲೇ ಒಂದು ಸದ್ದು ಮಾಡಿತು. ಮರಿ ನಿಂತು, ಯೋಚಿಸಿ, ಹಿಂದಿರುಗಿತು.

"ಸರಿ ತಾಯಿ," ಎಂದಳು ಸೂಜಿಯಕ್ಕ. "ನೀನು ಹೇಳಿದ ಹಾಗೆ."

ಅವಳು ಕೂತಲ್ಲಿಂದಲೇ ಹಿಂದಕ್ಕೆ ಸರಿಯುತ್ತ ಹೋದಳು. ಬೆಕ್ಕಿನ ಬೆನ್ನು ಇಳಿಯುವವರೆಗೂ ಸರಿದಳು. ಶೆಡ್ಡು ದಾಟಿತು, ಅಂಗಳ ಬಂತು, ಕಾವಲುಗಾರನ ಕುರ್ಚಿ ಬಂತು. ಅಲ್ಲಿ ನಿಂತು, ಇನ್ನು ಮೇಲೆ ದಿನವೂ ಇದೇ ಹೊತ್ತಿಗೆ ಬರುತ್ತೇನೆ, ಬಾಗಿಲು ಹಾಕಬೇಡಪ್ಪ ಎಂದು ಅವನಿಗೆ ಹೇಳಿದಳು. ಎಷ್ಟು ದಿನ ಎಂದು ಅವನು ಕೇಳಿದ. ಒಳಗೆ ತಟ್ಟೆ ನೆಕ್ಕುವ ಸದ್ದು ಶುರುವಾಗಿತ್ತು. ಅವಳು ಅದನ್ನೇ ಆಲಿಸುತ್ತ ನಿಂತಳು.